ಕಸೂತಿಯನ್ನು ಡಬ್ಬದ ಹಿನ್ನೆಲೆ ಮಾಡುವಾಗ ಜೋಡಣೆಯ ಗೆರೆ ಕಾಣದಂತೆ ಹೇಗೆ?

ಕೇಳಿದವರು: ಅಮ್ಮ ಮಾಡುವ ಹೋಳಿಗೆಗೆ ಡಬ್ಬ ಪ್ರಿಂಟ್ ಮಾಡಿಸಬೇಕು. ಹಿನ್ನೆಲೆಗೆ ಅಜ್ಜಿಯ ಇಳಕಲ್ ಸೀರೆಯ ಕಸೂತಿ ಇರಲಿ ಅಂತ ಆಸೆ. ಫೋಟೊ ತೆಗೆದು, ಚೌಕವಾಗಿ ಕತ್ತರಿಸಿ ಪಕ್ಕಪಕ್ಕ ಇಟ್ಟರೆ ಪ್ರತಿ ಅಂಚಿನಲ್ಲೂ ಗೆರೆ ಎದ್ದು ಕಾಣುತ್ತದೆ. ಫೋಟೊಶಾಪ್ ಇಲ್ಲ, ಗಿಂಪ್ ಇದೆ. ಮಾಡಿದವರು ಹೇಳಿ.

ಡಿಸೈನ್ ಕೆಲಸದವರು: ಗಿಂಪ್ ಸಾಕು. ಲೇಯರ್ ಮೆನುವಿನ ಟ್ರಾನ್ಸ್‌ಫಾರ್ಮ್‌ನಲ್ಲಿ ಆಫ್‌ಸೆಟ್ ಇದೆ. 1000 ಪಿಕ್ಸೆಲ್ ಚೌಕವಾದರೆ ಅಡ್ಡಕ್ಕೂ ಉದ್ದಕ್ಕೂ 500 ಸರಿಸಿ, ರ‍್ಯಾಪ್ ಅರೌಂಡ್ (ಒಂದು ಬದಿಯಲ್ಲಿ ಹೊರಹೋದದ್ದು ಎದುರು ಬದಿಯಲ್ಲಿ ಬರುವ ಆಯ್ಕೆ) ಆನ್ ಇರಲಿ. ಹೊರಗಿನ ಅಂಚುಗಳೆಲ್ಲ ನಡುವೆ ಬಂದು ಕೂಡುಗೆರೆಯಾಗಿ ಕಾಣುತ್ತವೆ. ಅದನ್ನು, ಪಕ್ಕದ ಭಾಗ ನಕಲಿಸಿ ಹಚ್ಚುವ ಕ್ಲೋನ್ ಟೂಲ್‌ನಿಂದ ಅಳಿಸಿ, ಹೊಸ ಅಂಚನ್ನು ಮುಟ್ಟಬೇಡಿ. ಇನ್ನೊಂದು ವಿಷಯ, ಅಂಚು ಸರಿಯಾದರೂ ಫೋಟೊದ ಒಂದು ಮೂಲೆ ಕತ್ತಲೆಯಾಗಿದ್ದರೆ ಇಡೀ ಡಬ್ಬ ಚದುರಂಗದ ಹಾಸಿನ ಹಾಗೆ ಕಾಣುತ್ತದೆ. ಮೋಡದ ದಿನ, ನೆರಳಿಲ್ಲದ ಬೆಳಕಿನಲ್ಲಿ ಫೋಟೊ ತೆಗೆಯಿರಿ.

ಕೇಳಿದವರು: ಟೈಲ್ ಸೀಮ್‌ಲೆಸ್ ಅಂತ ಒಂದು ಫಿಲ್ಟರ್ ಇದೆಯಲ್ಲ, ಅದು ಒಂದೇ ಕ್ಲಿಕ್ಕಿಗೆ ಆಗಲ್ವಾ?

ಡಿಸೈನ್ ಕೆಲಸದವರು: ಮಣ್ಣು, ಕಲ್ಲು, ಹುಲ್ಲಿಗೆ ಆಗುತ್ತದೆ. ಅದು ಚಿತ್ರವನ್ನು ಚಿತ್ರದ ಮೇಲೆಯೇ ಬೆರೆಸುತ್ತದೆ. ಕಸೂತಿಗೆ ಹಾಕಿದರೆ ಒಂದು ಗೋಪುರದ ಚಿತ್ತಾರದ ಮೇಲೆ ಇನ್ನೊಂದರ ನೆರಳು ಬೀಳುತ್ತದೆ.

ಕಸೂತಿ ಹಾಕುವವರು: ಫೋಟೊ ಯಾಕೆ ತಂಗಿ? ಕಸೂತಿ ಹಾಕುವಾಗ ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸುತ್ತೇವೆ. ಅಂದರೆ ಅದು ಮೊದಲೇ ಚೌಕದ ಲೆಕ್ಕದಲ್ಲೇ ಇದೆ. ಸೀರೆ ಮುಂದಿಟ್ಟುಕೊಂಡು ಗ್ರಾಫ್ ಹಾಳೆಯಲ್ಲಿ ಹೊಲಿಗೆ ಹೊಲಿಗೆಗೂ ಒಂದು ಮನೆ ಅಂತ ಇಳಿಸಿ. ಗವಂತಿ (ಗೆರೆಯ ಹೊಲಿಗೆ), ಮುರ್ಗಿ (ಮೆಟ್ಟಿಲಿನಂಥ ಅಂಕುಡೊಂಕು ಹೊಲಿಗೆ) ಎರಡೂ ಸುಲಭವಾಗಿ ಇಳಿಯುತ್ತವೆ. ಚಿತ್ತಾರದ ಜೊತೆ ಅದರ ಪಕ್ಕದ ಖಾಲಿ ಜಾಗವನ್ನೂ ಎಣಿಸಿ, ಮರೆಯಬೇಡಿ. ಎರಡೂ ಸೇರಿ 24 ಮನೆ ಆದರೆ, ಮನೆಗೆ 20 ಪಿಕ್ಸೆಲ್‌ನಂತೆ ಟೈಲ್, ಅಂದರೆ ಪಕ್ಕಪಕ್ಕ ಮತ್ತೆ ಮತ್ತೆ ಇಡುವ ತುಂಡು, 480 ಪಿಕ್ಸೆಲ್. 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) ಸುಮಾರು 4 ಸೆಂಟಿಮೀಟರ್. ಅಂಚು ತಾನಾಗಿಯೇ ಕೂಡುತ್ತದೆ, ಅಳಿಸುವ ಕೆಲಸವೇ ಇಲ್ಲ.

ಡಿಸೈನ್ ಕೆಲಸದವರು: ಅಕ್ಕ ಹೇಳಿದ್ದೇ ಸರಿ, ನನ್ನ ದಾರಿ ಬಿಡಿ. ಆದರೆ ಗೋಪುರ, ತೇರು, ಆನೆ ಇವಕ್ಕೆ ತಲೆ ಕಾಲು ಇವೆ. ಡಬ್ಬ ಮಡಚಿದಾಗ ಯಾವುದೋ ಒಂದು ಬದಿಯಲ್ಲಿ ಆನೆ ತಲೆಕೆಳಗಾಗಿ ನಿಲ್ಲುತ್ತದೆ. ಸುತ್ತಲೂ ನಕ್ಷತ್ರ ಅಥವಾ ಕಮಲ ಹಾಕಿ, ತೇರನ್ನು ಮುಚ್ಚಳಕ್ಕೆ ಇಟ್ಟುಕೊಳ್ಳಿ. ಸಾಲು ಸಾಲಾಗಿ ನಿಂತಂತೆ ಅನಿಸಿದರೆ ಒಂದು ಬಿಟ್ಟು ಒಂದು ಕಂಬಸಾಲನ್ನು (ಮೇಲಿಂದ ಕೆಳಗಿನ ಸಾಲು) ಅರ್ಧ ಎತ್ತರ ಕೆಳಗಿಳಿಸಿ.

ಪ್ರೆಸ್‌ನವರು: ನಮ್ಮ ಕಡೆಯಿಂದ ಎರಡೇ ಮಾತು. ಹಿನ್ನೆಲೆಯ ಬಣ್ಣವನ್ನು ಟೈಲ್ ಒಳಗೆ ಸೇರಿಸಬೇಡಿ. ಕೆಳಗೆ ಒಂದೇ ಅಖಂಡ ಬಣ್ಣ, ಮೇಲೆ ಬರೀ ಚಿತ್ತಾರ ಇರುವ ಪಾರದರ್ಶಕ ಟೈಲ್. ಆಗ ಪಿಡಿಎಫ್‌ನಲ್ಲಿ ಟೈಲ್‌ಗಳ ನಡುವೆ ಕೂದಲೆಳೆಯಂಥ ಬಿಳಿ ಗೆರೆ ಬರುವುದಿಲ್ಲ. ಇನ್ನು ಇಳಕಲ್ ಕೆಂಪಿನ ಮೇಲೆ ಬಿಳಿ ಎಳೆ ತೀರಾ ಸಣ್ಣದಾದರೆ, ಕೆಂಪಾಗಿಸಲು ಒಂದರ ಮೇಲೊಂದು ಅಚ್ಚಾಗುವ ಎರಡು ಮೂರು ಶಾಯಿ ಸ್ವಲ್ಪ ಆಚೀಚೆ ಆದರೂ ಸಾಕು, ಮುಚ್ಚಿಹೋಗುತ್ತದೆ. ಎಳೆ ದಪ್ಪ ಮಾಡಿ. ಸ್ಕ್ರೀನ್ ಮೇಲೆ ಹಿಗ್ಗಿಸಿ ನೋಡಿ ಒಪ್ಪಬೇಡಿ, ನಿಜವಾದ ಅಳತೆಯಲ್ಲೇ ಒಂದು ಹಾಳೆ ಪ್ರಿಂಟ್ ತೆಗೆದು ಡಬ್ಬದಂತೆ ಮಡಚಿ ನೋಡಿ.

ಕೇಳಿದವರು: ಗ್ರಾಫ್ ಹಾಳೆ ತಂದೆ. ಕೆಂಪಿನ ಅಡಿಯಲ್ಲಿ ಬಟ್ಟೆಯ ನೇಯ್ಗೆ ತುಸು ಕಾಣಬೇಕು ಅಂದರೆ?

ಡಿಸೈನ್ ಕೆಲಸದವರು: ವೆಬ್‌ಸೈಟ್‌ಗಳಾದ ಪಾಲಿ ಹೇವನ್, ಆಂಬಿಯೆಂಟ್‌ಸಿಜಿ ಎರಡರಲ್ಲೂ ಅಂಚು ಕೂಡುವ ಬಟ್ಟೆಯ ಟೆಕ್ಸ್ಚರ್ ಸಿಗುತ್ತವೆ. ಸಿಸಿ0 ಪರವಾನಗಿ, ಅಂದರೆ ಮಾಡಿದವರು ಹಕ್ಕು ಬಿಟ್ಟುಕೊಟ್ಟದ್ದು, ಮಾರುವ ಡಬ್ಬಕ್ಕೂ ಬಳಸಬಹುದು. ತುಂಬಾ ತೆಳುವಾಗಿ ಹಾಕಿ, ಇಲ್ಲದಿದ್ದರೆ ಕಸೂತಿ ಜೊತೆ ಜಗಳಕ್ಕೆ ಬೀಳುತ್ತದೆ.