ಲೂಸರ್ನ್ ತಿನ್ನೋ ಹೆಣ್ಣು ಕುದುರೆ ಗಬ್ಬ ನಿಲ್ತಿಲ್ಲ, ಮೇವಿನ ಕಾರಣ ಇರಬಹುದಾ?

ಪ್ರಶ್ನೆ: ನಮ್ಮ ಕುದುರೆಗೆ 9 ವರ್ಷ, ಹಿಂದೆ ಎರಡು ಮರಿ ಹಾಕಿದೆ. ಈ ಸಲ ಮೂರು ಸರ್ತಿ ಕ್ರಾಸ್ ಮಾಡಿಸಿದ್ರೂ ಗಬ್ಬ ಆಗಿಲ್ಲ, ಬೆದೆಗೆ ಬಂದ್ರೆ ಹತ್ತು ಹನ್ನೆರಡು ದಿನ ಇಳಿಯೋದೇ ಇಲ್ಲ. ಮೇವು ಪೂರ್ತಿ ಲೂಸರ್ನ್, ಜೊತೆಗೆ ಸೋಯಾ ಹಿಂಡಿ. ಇವುಗಳಲ್ಲಿ ಈಸ್ಟ್ರೋಜನ್ (ಬೆದೆ ತರಿಸೋ ಹೆಣ್ಣು ಹಾರ್ಮೋನು) ಥರದ್ದೇನೋ ಇದೆ ಅಂತಾರೆ, ನಿಜಾನಾ? ಅನುಭವ ಇದ್ದೋರು ದಯವಿಟ್ಟು ಹೇಳಿ.

ಉತ್ತರ 1: ನಿಜ ಸರ್, ಇದೆ. ನಮ್ಮ ಕುದುರೆಗೂ ಹೋದ ಸೀಸನ್ ಹಿಂಗೇ ಆಗಿತ್ತು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ಬೆದೆಯ ಆರನೇ ದಿನ ಸ್ಕ್ಯಾನ್ ಮಾಡಿಸಿದಾಗ ಫಾಲಿಕಲ್ (ಅಂಡಾಶಯದಲ್ಲಿ ಮೊಟ್ಟೆ ಇರೋ ಗುಳ್ಳೆ) 42 ಮಿ.ಮೀ. ಇತ್ತು, ಇವತ್ತೋ ನಾಳೆಯೋ ಒಡೆಯುತ್ತೆ ಅಂದ್ಕೊಂಡ್ವಿ, ನಾಲ್ಕು ದಿನ ಬಿಟ್ಟು ನೋಡಿದ್ರೂ ಅದು ಹಾಗೇ ಇದೆ, ಗರ್ಭಕೋಶದ ಒಳಗೋಡೆ ಮಾತ್ರ ಊದ್ಕೊಂಡು ಸ್ಕ್ರೀನ್ ಮೇಲೆ ಗಾಡಿಚಕ್ರದ ಅರೆಗಳ ಥರ ಕಾಣ್ತಿತ್ತು, ಮಧ್ಯೆ ಒಂದಿಷ್ಟು ನೀರೂ ನಿಂತಿತ್ತು. ಮೊಟ್ಟೆ ಬಿಡೋ ಹೊತ್ತಿಗೆ ಆ ಊತ ಇಳೀಬೇಕು. ಗರ್ಭಕೋಶದಿಂದ ಸ್ವಾಬ್ (ಸ್ಯಾಂಪಲ್) ತೆಗೆದು ಕಲ್ಚರ್‌ಗೆ ಕಳಿಸಿದ್ವಿ, ಇನ್ಫೆಕ್ಷನ್ ಇಲ್ಲ ಅಂತ ಬಂತು. ಆಮೇಲೇ ಡಾಕ್ಟ್ರು ಏನ್ ತಿನ್ನಿಸ್ತಿದೀರ ಅಂತ ಕೇಳಿದ್ದು.

ನಾವು ಹಾಕ್ತಿದ್ದ ಲೂಸರ್ನ್‌ದು ಒಂದು ಕಟ್ಟು ಬಿಚ್ಚಿ ಎಲೆ ಅಂಗೈ ಮೇಲೆ ಹರಡಿ ತೋರಿಸಿದ್ರು, ಎಲ್ಲಾ ಎಲೆ ಮೇಲೂ ಕಂದು ಚುಕ್ಕೆ. ಲೂಸರ್ನ್‌ನಲ್ಲಿರೋದು ಕೌಮೆಸ್ಟ್ರಾಲ್, ಗಿಡ ಚೆನ್ನಾಗಿದ್ರೆ ಕಮ್ಮಿ ಇರುತ್ತೆ, ಎಲೆಚುಕ್ಕೆ ರೋಗ ಬಿದ್ರೆ ಅಥವಾ ಹೇನು ಹತ್ತಿದ್ರೆ ಗಿಡ ತನ್ನನ್ನ ಕಾಪಾಡ್ಕೊಳ್ಳೋಕೆ ಅದನ್ನ ಜಾಸ್ತಿ ಮಾಡ್ಕೊಳ್ಳುತ್ತೆ. ಸೋಯಾದಲ್ಲಿ ಇರೋದು ಜೆನಿಸ್ಟೀನ್, ಡೈಡ್ಜೀನ್, ಅವು ಕೌಮೆಸ್ಟ್ರಾಲ್‌ಗಿಂತ ದುರ್ಬಲ. ಕೆಂಪು ಕ್ಲೋವರ್ ಅನ್ನೋ ಮೇವಿನ ಗಿಡ‌ನಲ್ಲಿ ಫಾರ್ಮೊನೊನೆಟಿನ್, 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸಬ್‌ಟೆರೇನಿಯನ್ ಕ್ಲೋವರ್ ಅನ್ನೋ ಇನ್ನೊಂದು ಜಾತಿ ಮೇಯ್ದ ಕುರಿಗಳು ಗಬ್ಬ ಕಟ್ಟದೇ ಹೋಗಿದ್ದು ಇದರಿಂದಲೇ. ಕುರಿಯ ಹೊಟ್ಟೆಯಲ್ಲಿ ಅದು ಈಕ್ವಾಲ್ ಅನ್ನೋ ಈಸ್ಟ್ರೋಜನ್ ಥರದ ವಸ್ತು ಆಗುತ್ತೆ, ಆ ಈಕ್ವಾಲ್ ಮೊದಲು ಸಿಕ್ಕಿದ್ದೇ 1932ರಲ್ಲಿ, ಗಬ್ಬದ ಕುದುರೆಯ ಮೂತ್ರದಲ್ಲಿ, ಹೆಸರು ಬಂದಿದ್ದೂ ಕುದುರೆಯಿಂದಲೇ. ಅಂದ್ರೆ ಕುದುರೆ ಮೈಯಲ್ಲೂ ಇವು ಓಡಾಡ್ತವೆ.

ನಾವು ಹತ್ತು ದಿನ ತಗೊಂಡು ನಿಧಾನಕ್ಕೆ ಬರೀ ಹುಲ್ಲಿನ ಮೇವಿಗೆ ಬದಲಾಯಿಸಿದ್ವಿ, ಬೇರೆ ಏನೂ ಮುಟ್ಟಲಿಲ್ಲ. ಮುಂದಿನ ಬೆದೆ ಇನ್ನೂ ಗೊಂದಲದಲ್ಲೇ ಹೋಯ್ತು, ಅದರ ಮುಂದಿನದ್ರಲ್ಲಿ ಐದನೇ ದಿನಕ್ಕೆ ಊತ ಇಳೀತು, ಮೊಟ್ಟೆ ಬಿಡ್ತು, 15ನೇ ದಿನದ ಸ್ಕ್ಯಾನ್‌ನಲ್ಲಿ ಗಬ್ಬ ಕಾಣಿಸ್ತು, ಡಾಕ್ಟ್ರ ಕೈ ಹಿಡ್ಕೊಂಡು ಅತ್ತುಬಿಟ್ಟೆ. ಮೇವಿಂದಲೇ ಅಂತ ಪ್ರಮಾಣ ಮಾಡಿ ಹೇಳಲ್ಲ, ಸ್ಕ್ಯಾನ್ ಬದಲಾಗಿದ್ದಂತೂ ಕಣ್ಣಾರೆ ಕಂಡೆ.

ಉತ್ತರ 2: ಅಣ್ಣ, ಮೊದಲು ಸೀಸನ್ ನೋಡಿ. ಚಳಿಗಾಲ ಮುಗಿದು ಹಗಲು ಉದ್ದ ಆಗೋ ಟೈಮಲ್ಲಿ ಎಷ್ಟೋ ಕುದುರೆ ವಾರಗಟ್ಟಲೆ ಬೆದೆ ತೋರಿಸ್ತವೆ, ಮೊಟ್ಟೆ ಬಿಡಲ್ಲ, ಅದು ಸಹಜ, ಅದಕ್ಕೆ ಮೇವು ಬೈಯೋದು ತಪ್ಪು. ನಮ್ಮಲ್ಲಿ ನಾಲ್ಕು ಕುದುರೆ ಲೂಸರ್ನ್ ತಿಂದ್ಕೊಂಡೇ ವರ್ಷ ವರ್ಷ ಮರಿ ಹಾಕ್ತಿವೆ. ಮರಿಗೆ ಹಾಲು ಕೊಡೋವಾಗ ಅದರ ಪ್ರೋಟೀನು, ಕ್ಯಾಲ್ಸಿಯಂ ಬೇಕೇ ಬೇಕು.

ಉತ್ತರ 3: ಮೆಕ್ಕೆಜೋಳ ಏನಾದ್ರೂ ಹಾಕ್ತಿದ್ರೆ ಅದನ್ನೂ ಮೂಸಿ ನೋಡಿ ಸರ್. ಅದಕ್ಕೆ ಫ್ಯುಸೇರಿಯಂ ಬೂಷ್ಟು ಹಿಡಿದ್ರೆ ಝೀರಲೆನೋನ್ ಅನ್ನೋ ವಿಷ ಬರುತ್ತೆ, ಗಿಡದ್ದಲ್ಲ, ಬೂಷ್ಟಿನದ್ದು, ಆದ್ರೆ ಮಾಡೋ ಕೆಲಸ ಈಸ್ಟ್ರೋಜನ್ನಿಂದೇ. ಕಾಳು ನೋಡೋಕೆ ಚೆನ್ನಾಗಿದ್ರೂ ಒಳಗೆ ಇರಬಹುದು, ಅದಕ್ಕೆ ಲ್ಯಾಬ್‌ಗೆ ಕಳಿಸೋದೇ ಒಳ್ಳೇದು.

ಉತ್ತರ 1: ಹೌದು, ಅದನ್ನ ಬರೆಯೋದು ಮರೆತಿದ್ದೆ. ಸರ್, ಮುಂದಿನ ಬೆದೆಯಲ್ಲಿ ಕ್ರಾಸ್ ಮಾಡಿಸೋ ಮುಂಚೆ ದಿನ ಬಿಟ್ಟು ದಿನ ಸ್ಕ್ಯಾನ್ ಮಾಡಿಸಿ, ಫಾಲಿಕಲ್ ಸೈಜು, ಊತ ಎರಡನ್ನೂ ತಾರೀಖು ಹಾಕಿ ಬರೆದಿಟ್ಕೊಳ್ಳಿ. ಈಗಿರೋ ಲೂಸರ್ನ್ ಕಟ್ಟಿಂದ ಒಂದು ಹಿಡಿ ಎಲೆ ತೆಗೆದು ಬಿಸಿಲಲ್ಲಿ ನೋಡಿ, ಚುಕ್ಕೆ ಇದ್ರೆ ಫೋಟೋ ಹಾಕಿ.