‘ಹೈಯರ್ ಆರ್ಡರ್ ಥಿಂಕಿಂಗ್ ಸ್ಕಿಲ್ಸ್’: ಕನ್ನಡದಲ್ಲಿ ಯಾವುದು ಸರಿ?

ಮಾನ್ಯರೇ, ಕಲಬುರಗಿಯ ಪ್ರೌಢಶಾಲಾ ಶಿಕ್ಷಕರ ತರಬೇತಿಗಾಗಿ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೇಲಿನ ಮಾತಿಗೆ ‘ಉನ್ನತ ಸ್ತರದ ಆಲೋಚನಾ ಕೌಶಲ್ಯಗಳು’ ಎಂದು ಬರೆದಿದ್ದೆ. ಪರಿಶೀಲಕರು ಅದನ್ನು ‘ಉನ್ನತ ಚಿಂತನೆ’ ಎಂದು ತಿದ್ದಿದ್ದಾರೆ. ನಾಳೆ ಮುದ್ರಣಕ್ಕೆ ಹೋಗಬೇಕು, ಮುಖಪುಟದ ಮೇಲೂ ಇದೇ ಮಾತು ಬರುತ್ತದೆ. ದಯವಿಟ್ಟು ತಿಳಿಸಿ.

ಉತ್ತರ 1:
ಎರಡೂ ಬೇಡ. ‘ಕುಶಲ’ದಿಂದ ‘ಕೌಶಲ’ವಾದ ಮೇಲೆ ಅದಕ್ಕೆ ಮತ್ತೆ ‘ಯ’ಕಾರವನ್ನು ಅಂಟಿಸುವುದು ಅನಗತ್ಯ. ಅಷ್ಟಕ್ಕೂ ಈ ಸಂಸ್ಕೃತದ ಹೊರೆಯೇ ಏಕೆ? ‘ಮೇಲ್ಮಟ್ಟದ ಬಗೆಯುವ ಜಾಣ್ಮೆ’ ಎನ್ನಿ, ಅಚ್ಚಗನ್ನಡದಲ್ಲಿ ಮುಗಿಯಿತು.

ಉತ್ತರ 2:
ಮುಗಿಯಲಿಲ್ಲ. ‘ಕೌಶಲ’, ‘ಕೌಶಲ್ಯ’ ಎರಡೂ ಸಾಧುರೂಪಗಳೇ. ‘ಜಾಣ’ ಎಂಬುದು ಸಂಸ್ಕೃತದ ‘ಜ್ಞಾ’ ಧಾತುವಿನಿಂದ ಪ್ರಾಕೃತದ ದಾರಿಯಲ್ಲಿ ಬಂದದ್ದು. ದವಾಖಾನೆ, ಅರ್ಜಿ, ಜಮೀನುಗಳಿಲ್ಲದೆ ಮಾತು ಸಾಗದ ನಮ್ಮ ಸೀಮೆಯಲ್ಲಿ ಪದವೊಂದು ಎಲ್ಲಿಂದ ಬಂತೆಂಬುದಕ್ಕಿಂತ ಅದು ಯಾವ ಅರ್ಥವನ್ನು ಮುಟ್ಟಿಸುತ್ತದೆ ಎಂಬುದೇ ಮುಖ್ಯ.

ಪರಿಶೀಲಕರ ತಿದ್ದುಪಡಿಯನ್ನು ಖಂಡಿತ ಒಪ್ಪಬೇಡಿ. ‘ಉನ್ನತ ಚಿಂತನೆ’ ಎಂದರೆ ಉದಾತ್ತ ವಿಚಾರವೆಂದೇ ಕೇಳಿಸುತ್ತದೆ. ಇಲ್ಲಿರುವುದು ಹಂತದ ಮಾತು. ಅಮೆರಿಕದ ಶಿಕ್ಷಣ ಮನಶ್ಶಾಸ್ತ್ರಜ್ಞ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದ, ಕಲಿಕೆಯ ಗುರಿಗಳನ್ನು ಹಂತಗಳಾಗಿ ವಿಂಗಡಿಸುವ ವರ್ಗೀಕರಣವು 2001ರ ಪರಿಷ್ಕರಣೆಯಲ್ಲಿ ನೆನಪಿಡು, ಗ್ರಹಿಸು, ಅನ್ವಯಿಸು, ವಿಶ್ಲೇಷಿಸು, ಮೌಲ್ಯ ನಿರ್ಣಯಿಸು, ಸೃಷ್ಟಿಸು ಎಂಬ ಆರು ಕ್ರಿಯೆಗಳಾಯಿತು. ಇವುಗಳಲ್ಲಿ ಕೊನೆಯ ಮೂರನ್ನು ಸಾಮಾನ್ಯವಾಗಿ ಮೇಲಿನ ಸ್ತರವೆನ್ನುತ್ತಾರೆ. ಬಹಮನಿ ಅರಸರು ರಾಜಧಾನಿಯನ್ನು ಕಲಬುರಗಿಯಿಂದ ಎಲ್ಲಿಗೆ ಸಾಗಿಸಿದರು ಎಂದು ಕೇಳಿದರೆ ‘ಬೀದರಿಗೆ’ ಎನ್ನಲು ನೆನಪು ಸಾಕು. ಹಾಗೆ ಸಾಗಿಸಿದ್ದಕ್ಕೆ ಇರಬಹುದಾದ ಕಾರಣಗಳನ್ನು ಹೋಲಿಸಿ, ಯಾವುದಕ್ಕೆ ಆಧಾರ ಗಟ್ಟಿಯಾಗಿದೆ ಎಂದು ವಾದಿಸಲು ಹೇಳಿದರೆ ವಿದ್ಯಾರ್ಥಿ ವಿಶ್ಲೇಷಿಸಬೇಕು, ನಿರ್ಣಯಿಸಬೇಕು. ಆದರೆ ಶಿಕ್ಷಕರು ಆ ಕಾರಣಗಳನ್ನೂ ತೀರ್ಮಾನವನ್ನೂ ಮೊದಲೇ ನೋಟ್ಸಿನಲ್ಲಿ ಬರೆಸಿದ್ದರೆ, ಪ್ರಶ್ನೆಯ ರೂಪ ಎಷ್ಟೇ ಗಂಭೀರವಾಗಿದ್ದರೂ, ಅದು ಪುನಃ ನೆನಪಿನ ಪ್ರಶ್ನೆಯೇ ಆಗುತ್ತದೆ. ‘ಏಕೆ’ ಎಂದು ಆರಂಭವಾದ ಪ್ರಶ್ನೆಗಳೆಲ್ಲ ಮೇಲಿನ ಸ್ತರದವೆಂದು ನಂಬಿ ಪ್ರಶ್ನೆಪತ್ರಿಕೆ ತಯಾರಿಸುವ ರೂಢಿ ನಮ್ಮಲ್ಲಿ ಬಲವಾಗಿರುವುದರಿಂದ, ಇಂಥ ಜೋಡಿ ಪ್ರಶ್ನೆಗಳನ್ನು ಪ್ರತಿ ಅಧ್ಯಾಯದಲ್ಲೂ ಕೊಡುವುದು ಅಗತ್ಯವೆಂದು ನನ್ನ ಒತ್ತಾಯದ ಮನವಿ.

ಆದ್ದರಿಂದ ಮುಖಪುಟಕ್ಕೆ ನಿಮ್ಮ ಮೊದಲ ರೂಪವನ್ನೇ ಉಳಿಸಿಕೊಳ್ಳಿ. ‘ಕೌಶಲ’, ‘ಕೌಶಲ್ಯ’ಗಳಲ್ಲಿ ಒಂದನ್ನು ಆರಿಸಿ ಕೈಪಿಡಿಯುದ್ದಕ್ಕೂ ಅದನ್ನೇ ಬಳಸಿ; ಅಚ್ಚಿನಲ್ಲಿ ‘ಸ್ತರ’ವು ‘ಸ್ಥರ’ವಾಗದಂತೆ ಕರಡನ್ನು ಮತ್ತೊಮ್ಮೆ ನೋಡಿ.