ಅಪ್‌ಡೇಟ್: ಇಂಡಕ್ಷನ್ ಒಲೆಯ ಬಟನ್ ಸಮಸ್ಯೆ ಬಗೆಹರಿಯಿತು

ಆನ್ ಮಾಡಿದ ಕೂಡಲೇ ಬೀಪ್ ಬೀಪ್ ಅನ್ನುತ್ತದೆ, ಪ್ಲಸ್ ಬಟನ್ ಮುಟ್ಟದಿದ್ದರೂ ಪವರ್ ಏರುತ್ತಾ ಹೋಗುತ್ತದೆ ಅಂತ ಕೇಳಿದ್ದೆನಲ್ಲ, ಆ ಒಲೆ ಈಗ ಸರಿಯಾಗಿದೆ.

ಕಾಯಿಲ್ (ಪಾತ್ರೆ ಬಿಸಿ ಮಾಡುವ ತಂತಿ ಸುರುಳಿ) ಅಥವಾ ಐಜಿಬಿಟಿ (ಆ ಕಾಯಿಲ್‌ಗೆ ಕರೆಂಟ್ ಬಿಟ್ಟು ನಿಲ್ಲಿಸುವ ಎಲೆಕ್ಟ್ರಾನಿಕ್ ಸ್ವಿಚ್) ಹೋಗಿರಬೇಕು ಅಂತ ಕೆಲವರು ಅಂದಿದ್ದರು. ಅದಲ್ಲ. ಐಜಿಬಿಟಿ ಸುಟ್ಟರೆ ಸಾಮಾನ್ಯವಾಗಿ ಫ್ಯೂಸ್ ಹೋಗುತ್ತದೆ, ಪಾತ್ರೆ ಬಿಸಿಯೇ ಆಗುವುದಿಲ್ಲ. ನಮ್ಮದು ಚೆನ್ನಾಗಿಯೇ ಬಿಸಿಯಾಗುತ್ತಿತ್ತು.

ರಿಪೇರಿಯವರು ಬಿಚ್ಚಿದಾಗ ಪಕ್ಕದಲ್ಲೇ ನಿಂತು ನೋಡಿದೆ. ಬಟನ್‌ಗಳ ಮೇಲಿನ ಪ್ಲಾಸ್ಟಿಕ್ ಹಾಳೆಯ ಅಂಚು ಎದ್ದಿತ್ತು. ಅಲ್ಲಿಂದ ಉಕ್ಕಿದ ಹಾಲು ಒಳಗಿಳಿದು, ಪ್ಲಸ್ ಬಟನ್ನಿನ ಪುಟ್ಟ ಸ್ವಿಚ್ ಸುತ್ತ ಹಳದಿ ಪೊರೆ ಕಟ್ಟಿತ್ತು. ಸ್ವಿಚ್ಚಿನ ಕಾಲುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಆ ತೇವದ ಮೂಲಕ ಸ್ವಲ್ಪ ಕರೆಂಟ್ ಹರಿದರೂ ಸಾಕು, ಯಾರೋ ಬಟನ್ ಒತ್ತಿದ್ದಾರೆ ಅಂತಲೇ ಒಳಗಿನ ಸರ್ಕ್ಯೂಟ್ ಬೋರ್ಡ್ ತಿಳಿಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಷ್‌ನಿಂದ ಉಜ್ಜಿದರು, ಆ ಸ್ವಿಚ್ ಒಂದನ್ನು ಬದಲಿಸಿ ಹೊಸ ಹಾಳೆ ಅಂಟಿಸಿದರು. ಇಡೀ ಬೋರ್ಡ್ ಬದಲಿಸುವ ಖರ್ಚು ಉಳಿಯಿತು, ಅದೇ ದೊಡ್ಡ ಸಮಾಧಾನ.

ದಯವಿಟ್ಟು ಇದನ್ನು ಓದಿ ಸುಮ್ನೆ ಮನೆಯಲ್ಲೇ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ (ಕರೆಂಟ್ ಹಿಡಿದಿಡುವ ಭಾಗ) ಸ್ವಲ್ಪ ಹೊತ್ತು 300 ವೋಲ್ಟ್‌ಗೂ ಜಾಸ್ತಿ ಉಳಿದಿರಬಹುದು. ಹಾಳೆ ಎದ್ದಿದೆಯಾ ಅಂತ ಹೊರಗಿನಿಂದ ನೋಡಿ ರಿಪೇರಿಯವರಿಗೆ ಹೇಳಿ. ‘ಮೊದಲು ಬಟನ್ ಪ್ಯಾನಲ್ ನೋಡಿಸಿ’ ಅಂದವರಿಗೆ ತುಂಬಾ ಥ್ಯಾಂಕ್ಸ್.